ವೇಗದ ಐಷಾರಾಮಿ ಸೆಡಾನ್‌ಗಳ ವಂಶಾವಳಿ: ಬೆಂಗಳೂರಿನಲ್ಲಿ ಹಳೆಯ ಕಾರು ಕೊಳ್ಳುವವರಿಗೊಂದು ಕೈಪಿಡಿ

ಬೆಂಗಳೂರಿನಲ್ಲಿ ಹಳೆಯ ಮರ್ಸಿಡಿಸ್, ಬಿಎಂಡಬ್ಲ್ಯು ಅಥವಾ ಜಾಗ್ವಾರ್ ಕೊಳ್ಳಲು ಹೊರಟವರಿಗೆ ಮಾರುವವರು ಮೊದಲು ತೋರಿಸುವುದು ಡಿಕ್ಕಿಯ ಮೇಲಿನ ಅಕ್ಷರಗಳನ್ನು. ಆ ಅಕ್ಷರಗಳನ್ನು ಯಾರು ಬೇಕಾದರೂ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಕೊಂಡು ಅಂಟಿಸಬಹುದು. ವೇಗದ ಐಷಾರಾಮಿ ಸೆಡಾನ್ ಎಂಬ ವರ್ಗ ಹುಟ್ಟಿದ್ದು ಅಕ್ಷರಗಳಿಂದಲ್ಲ. ಇನ್ನೊಂದು ದೊಡ್ಡ ಕಾರಿಗೋ ಕ್ರೀಡಾ ಕಾರಿಗೋ ರೂಪಿಸಿದ ಎಂಜಿನ್ನನ್ನು ನಾಲ್ಕು ಬಾಗಿಲಿನ ಸಭ್ಯ ಮೈಯೊಳಗೆ ಕೂರಿಸಿ, ಅದರ ಭಾರ, ಶಾಖ, ಎಳೆತಗಳನ್ನು ತಾಳಿಕೊಳ್ಳುವಂತೆ ಬ್ರೇಕು, ಸಸ್ಪೆನ್ಷನ್, ಗೇರ್‌ಬಾಕ್ಸ್, ರೇಡಿಯೇಟರುಗಳನ್ನೂ ಬದಲಿಸಿದಾಗ ಈ ವರ್ಗ ರೂಪುಗೊಂಡಿತು. ಆದ್ದರಿಂದ ಇಂತಹ ಕಾರೊಂದರ ಮುಂದೆ ನಿಂತಾಗ ಕೇಳಬೇಕಾದ ಪ್ರಶ್ನೆ ಎರಡೇ: ಇದರ ಎಂಜಿನ್ ಯಾವ ಮನೆಯಿಂದ ಬಂತು, ಮತ್ತು ಅದು ಬಂದ ಮೇಲೆ ಸುತ್ತಲಿನ ಯಾವ ಯಾವ ಭಾಗಗಳು ಬದಲಾದವು. ಈ ಎರಡಕ್ಕೂ ಉತ್ತರ ಸಿಕ್ಕದ ಕಾರು ಎಷ್ಟೇ ಹೊಳೆಯುತ್ತಿದ್ದರೂ ಅದಕ್ಕೆ ಸಾಮಾನ್ಯ ಸೆಡಾನಿನ ಬೆಲೆಗಿಂತ ಹೆಚ್ಚು ಕೊಡಬಾರದು.

ಮೊದಲು ಇತಿಹಾಸವನ್ನು ಓದಿಕೊಳ್ಳಿ

ಕಾರು ನೋಡಲು ಹೋಗುವ ಮುನ್ನ ಒಂದು ಸಂಜೆ ಕುಳಿತು ವಂಶಾವಳಿಯನ್ನು ಮನದಟ್ಟು ಮಾಡಿಕೊಳ್ಳುವುದು ಒಳ್ಳೆಯದು. ಕೊನೆಗೆ ಮೋಸವನ್ನು ಹಿಡಿದುಕೊಡುವುದು ಆ ಓದೇ.

ಎರಡನೆಯ ಮಹಾಯುದ್ಧಕ್ಕೆ ಮುಂಚೆ ವೇಗ ಮತ್ತು ಐಷಾರಾಮ ಒಂದೇ ಕಾರಿನಲ್ಲಿ ಇರಲಿಲ್ಲವೆಂದೇನಲ್ಲ. 1930ರ ಬೆಂಟ್ಲಿ 8 ಲೀಟರ್ ಕಾರು ಭಾರವಾದ ಮುಚ್ಚಿದ ಮೈಯನ್ನು ಹೊತ್ತುಕೊಂಡೇ ಗಂಟೆಗೆ ನೂರು ಮೈಲಿ ಓಡುವಂತೆ ರೂಪಿಸಿದ್ದು, ಅಂತಹ ನೂರು ಕಾರುಗಳಷ್ಟೇ ತಯಾರಾದವು. ಮರುವರ್ಷವೇ ಬೆಂಟ್ಲಿ ಕಂಪನಿ ರೋಲ್ಸ್ ರಾಯ್ಸ್ ಕೈಸೇರಿತು. ಆದರೆ ಆ ಕಾಲದಲ್ಲಿ ಕಾರ್ಖಾನೆ ಮಾರುತ್ತಿದ್ದುದು ಚಾಸಿ, ಅಂದರೆ ಕಾರಿನ ತಳದ ಚೌಕಟ್ಟು, ಮತ್ತು ಎಂಜಿನ್ನನ್ನು ಮಾತ್ರ. ಮೈ ಕಟ್ಟುವವರು ಬೇರೆ. ಇಂದು ನಾವು ಸೆಡಾನ್ ಎನ್ನುವಾಗ ಕಣ್ಣ ಮುಂದೆ ಬರುವ, ಕಾರ್ಖಾನೆಯೇ ಮೈ ಸಮೇತ ಸಾಲಾಗಿ ತಯಾರಿಸಿದ, ಮನೆಮಂದಿ ಕೂರಬಲ್ಲ ವೇಗದ ಕಾರು ಯುದ್ಧಾನಂತರದ ಕೂಸು. ಇಟಲಿಯಲ್ಲಿ 1950ರ ಆಲ್ಫಾ ರೋಮಿಯೋ 1900 ಕಾರನ್ನು ರೇಸ್ ಗೆಲ್ಲುವ ಕುಟುಂಬದ ಕಾರು ಎಂದೇ ಪ್ರಚಾರ ಮಾಡಲಾಯಿತು. ಅದು ಐಷಾರಾಮಿಯಲ್ಲ, ಆದರೂ ದಾರಿ ಹಾಕಿಕೊಟ್ಟಿತು.

ಜಾಗ್ವಾರ್ ಕಥೆ ಇನ್ನೂ ಸ್ವಾರಸ್ಯಕರವಾದುದು. ಯುದ್ಧಕಾಲದಲ್ಲಿ ಕೊವೆಂಟ್ರಿಯ ಕಾರ್ಖಾನೆಯ ಮೇಲೆ ಬಾಂಬು ಬಿದ್ದು ಬೆಂಕಿ ಹತ್ತದಂತೆ ರಾತ್ರಿ ಕಾವಲು ಕೂರುತ್ತಿದ್ದಾಗ ವಿಲಿಯಂ ಹೇಯ್ನ್ಸ್, ವಾಲ್ಟರ್ ಹ್ಯಾಸನ್, ಕ್ಲಾಡ್ ಬೇಲಿ ಮೊದಲಾದವರು ಚರ್ಚಿಸಿ ರೂಪಿಸಿದ ಎಕ್ಸ್‌ಕೆ ಎಂಜಿನ್ ಮೂಲತಃ ದೊಡ್ಡ ಸೆಡಾನಿಗೆಂದೇ ಉದ್ದೇಶಿಸಿದ್ದು. ಸೆಡಾನಿನ ಮೈ ಸಿದ್ಧವಾಗುವುದು ತಡವಾದ ಕಾರಣ 1948ರಲ್ಲಿ ಅದು ಎಕ್ಸ್‌ಕೆ 120 ಎಂಬ ಕ್ರೀಡಾ ಕಾರಿನಲ್ಲಿ ಮೊದಲು ಕಾಣಿಸಿಕೊಂಡಿತು. ಕ್ರೀಡಾ ಕಾರಿನ ಎಂಜಿನ್ನನ್ನು ಸೆಡಾನಿಗೆ ಹಾಕಿದರು ಎಂಬ ಮಾತು ಜಾಗ್ವಾರ್ ಮಟ್ಟಿಗೆ ಹೀಗೆ ತಿರುಗುಮುರುಗು. 1959ರಲ್ಲಿ ಬಂದ ಮಾರ್ಕ್ 2 ಕಾರಿನ 3.8 ಲೀಟರ್ ಆವೃತ್ತಿಗೆ 220 ಅಶ್ವಶಕ್ತಿಯಿತ್ತು. ಗಂಟೆಗೆ ಸುಮಾರು 200 ಕಿಲೋಮೀಟರ್ ಓಡುತ್ತಿತ್ತು. ಅದರ ಅಸಲಿತನ ಇರುವುದು ಎಂಜಿನ್ನಿನಲ್ಲಷ್ಟೇ ಅಲ್ಲ. 1953ರ ಲೆ ಮಾನ್ಸ್ ರೇಸನ್ನು ಡಿಸ್ಕ್ ಬ್ರೇಕಿನ ಬಲದಿಂದ ಗೆದ್ದಿದ್ದ ಕಂಪನಿ ಅದೇ ಬ್ರೇಕನ್ನು ಈ ಸೆಡಾನಿನ ನಾಲ್ಕೂ ಚಕ್ರಗಳಿಗೆ ಕೊಟ್ಟಿತು. ಎಂಜಿನ್ನಿನ ಬಲವನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚುವ 3.8ರ ಡಿಫರೆನ್ಷಿಯಲ್ ಕೂಡ ಒಂದು ಚಕ್ರ ಜಾರಿದರೆ ಇನ್ನೊಂದಕ್ಕೆ ಬಲ ಹಂಚುವಂಥದ್ದು. 2.4 ಲೀಟರ್ ಮಾರ್ಕ್ 2 ಕಾರಿಗೆ 3.8ರ ಎಂಜಿನ್ ಕೂರಿಸಿ ಮಾರುವವರು ಇದ್ದೇ ಇರುತ್ತಾರಾದ್ದರಿಂದ, ಅಡಿಯಲ್ಲಿ ಮಲಗಿ ಡಿಫರೆನ್ಷಿಯಲ್ ನೋಡದೆ ಮಾರ್ಕ್ 2 ಕೊಳ್ಳಬಾರದು.

1963ರ ಮಸೆರಾಟಿ ಕ್ವಾಟ್ರೊಪೋರ್ಟೆ ರೇಸ್ ಕಾರಿನ ಮನೆತನದ 4.1 ಲೀಟರ್ ವಿ8, ಅಂದರೆ ಎಂಟು ಸಿಲಿಂಡರಿನ, ಎಂಜಿನ್ ಹೊತ್ತು ಬಂತು. ಬೆಂಗಳೂರಿನ ಕೊಳ್ಳುಗರಿಗೆ ಅದು ಎದುರಾಗುವ ಸಂಭವ ಬಹಳ ಕಡಿಮೆ, ಮುಂದಕ್ಕೆ ಹೋಗೋಣ.

ಎಲ್ಲರೂ ಮೂಲಪುರುಷ ಎಂದು ಒಪ್ಪುವ ಕಾರು 1968ರ ಮಾರ್ಚ್‌ನಲ್ಲಿ ಜಿನೀವಾ ಪ್ರದರ್ಶನದಲ್ಲಿ ತೆರೆಕಂಡ ಮರ್ಸಿಡಿಸ್ 300 ಎಸ್‌ಇಎಲ್ 6.3. ಕಂಪನಿಯ ಯೋಜನೆಯಲ್ಲಿ ಅದು ಇರಲೇ ಇಲ್ಲ. ಎರಿಕ್ ವಾಕ್ಸೆನ್‌ಬೆರ್ಗರ್ ಎಂಬ ಎಂಜಿನಿಯರ್ ತನ್ನಷ್ಟಕ್ಕೆ ತಾನೇ, ರಾಷ್ಟ್ರಾಧ್ಯಕ್ಷರು ಮತ್ತು ರಾಜಮಹಾರಾಜರು ಓಡಾಡುತ್ತಿದ್ದ ಮರ್ಸಿಡಿಸ್ 600 ಲಿಮೋಸಿನ್‌ನ 6.3 ಲೀಟರ್ ವಿ8 ಎಂಜಿನ್ನನ್ನು ಅದಕ್ಕಿಂತ ಚಿಕ್ಕದಾದ ಎಸ್ ಕ್ಲಾಸ್ ಮೈಯೊಳಗೆ ತೂರಿಸಿದ. 250 ಅಶ್ವಶಕ್ತಿ, 6.5 ಸೆಕೆಂಡಿನಲ್ಲಿ ನೂರು ಕಿಲೋಮೀಟರ್ ವೇಗ, 220ರ ಗರಿಷ್ಠ ವೇಗ. ಅಂದಿನ ಹೆಸರಾಂತ ಕ್ರೀಡಾ ಕಾರುಗಳ ಪಕ್ಕದಲ್ಲಿ ಐದು ಜನ ಕೂತ, ಏರ್ ಸಸ್ಪೆನ್ಷನ್ನಿನ ಮೇಲೆ ತೇಲುವ, ಮುಂದೆ ಮರದ ಹಲಗೆಯ ಡ್ಯಾಶ್‌ಬೋರ್ಡ್ ಇದ್ದ ಕಾರು ಹೀಗೆ ಓಡಬಹುದೆಂದು ಯಾರೂ ಎಣಿಸಿರಲಿಲ್ಲ. ಹೊರಗಡೆ ಅದನ್ನು ಸಾಮಾನ್ಯ 300 ಎಸ್‌ಇಎಲ್‌ನಿಂದ ಬೇರೆ ಮಾಡಿ ತೋರಿಸುತ್ತಿದ್ದುದು ಡಿಕ್ಕಿಯ ಬಲತುದಿಯ 6.3 ಎಂಬ ಅಂಕಿ, ಹೆಚ್ಚೂ ಕಡಿಮೆ ಅಷ್ಟೇ. ಗೋಮುಖವ್ಯಾಘ್ರ ಎಂಬ ಮಾತನ್ನು ಹೊಗಳಿಕೆಯಾಗಿ ಬಳಸಬಹುದಾದ ಸಂದರ್ಭ ಇದೊಂದೇ ಇರಬೇಕು. 1972ರವರೆಗೆ 6,526 ಕಾರುಗಳು ತಯಾರಾದವು.

ಇಲ್ಲಿಂದ ಎರಡು ಕವಲುಗಳು ಒಡೆಯುತ್ತವೆ. ಒಂದು ಕವಲು ಕಾರ್ಖಾನೆಯದು: ತೈಲ ಬಿಕ್ಕಟ್ಟಿನಿಂದ ತಡವಾಗಿ 1975ರಲ್ಲಿ ಬಂದ 450 ಎಸ್‌ಇಎಲ್ 6.9. ಅದೇ ಎಂಜಿನ್ ಕುಟುಂಬ 286 ಅಶ್ವಶಕ್ತಿಗೆ ಬೆಳೆದು, ಆಯಿಲ್‌ಗೆ ಪ್ರತ್ಯೇಕ ಟ್ಯಾಂಕ್ ಪಡೆದು, ಗಾಳಿಯ ಬದಲು ಆಯಿಲ್ ಮತ್ತು ನೈಟ್ರೋಜನ್ ಅನಿಲದ ಸಸ್ಪೆನ್ಷನ್ನಿನ ಮೇಲೆ ಕುಳಿತಿತು. ಒಟ್ಟು 7,380 ಕಾರು. ಇನ್ನೊಂದು ಕವಲು ಹೊರಗಿನ ಗ್ಯಾರೇಜಿನದು: 1967ರಲ್ಲಿ ಹ್ಯಾನ್ಸ್ ವರ್ನರ್ ಆಫ್ರೆಕ್ಟ್ ಮತ್ತು ಎರ್‌ಹಾರ್ಡ್ ಮೆಲ್ಷರ್ ಆರಂಭಿಸಿದ ಎಎಂಜಿ, 6.3ರ ಎಂಜಿನ್ನನ್ನು 6.8 ಲೀಟರಿಗೆ ಹಿಗ್ಗಿಸಿ 1971ರ ಸ್ಪಾ 24 ಗಂಟೆಗಳ ರೇಸಿಗೆ ಇಳಿಸಿತು. ಹಗುರ ಕಾರುಗಳ ನಡುವೆ ಆ ಭಾರಿ ಕೆಂಪು ಸೆಡಾನ್ ಎರಡನೆಯ ಸ್ಥಾನ ಪಡೆಯಿತು. ಕೊಳ್ಳುವವರು ಇಲ್ಲಿ ನೆನಪಿಡಬೇಕಾದದ್ದು ಇಷ್ಟು: ಎಎಂಜಿ ಮತ್ತು ಮರ್ಸಿಡಿಸ್ ನಡುವೆ ಸಹಕಾರದ ಒಪ್ಪಂದ ಆದದ್ದು 1990ರಲ್ಲಿ. ಅದಕ್ಕೂ ಹಿಂದಿನ ಕಾರಿನ ಮೇಲೆ ಎಎಂಜಿ ಎಂದು ಬರೆದಿದ್ದರೆ ಅದು ಸ್ವತಂತ್ರ ಗ್ಯಾರೇಜೊಂದು ಮಾಡಿದ ಕೆಲಸ, ಆ ಗ್ಯಾರೇಜಿನ ಬಿಲ್ಲು ಅಥವಾ ಪತ್ರ ಇಲ್ಲದಿದ್ದರೆ ಬರೀ ಸ್ಟಿಕ್ಕರ್.

ಬಿಎಂಡಬ್ಲ್ಯು ಕಡೆಗೆ ಬಂದರೆ, 1984ರಲ್ಲಿ ತಯಾರಾಗತೊಡಗಿದ ಎಂ5 ಎಂಬ ವೇಗದ ಸೆಡಾನಿನ ಮೊದಲ ಪೀಳಿಗೆಯ ಎಂಜಿನ್ನಿನ ಬೇರು 1978ರ ಎಂ1 ಎಂಬ ಕ್ರೀಡಾ ಕಾರಿನಲ್ಲಿದೆ. 3.5 ಲೀಟರಿನ ಆರು ಸಿಲಿಂಡರ್, ಪ್ರತಿ ಸಿಲಿಂಡರಿಗೆ ನಾಲ್ಕು ವಾಲ್ವ್, 286 ಅಶ್ವಶಕ್ತಿ. ಅದೇ ಕಾಲದಲ್ಲಿ ಎಂ535ಐ ಎಂಬ ಇನ್ನೊಂದು ಕಾರೂ ಇತ್ತು: ಸುತ್ತಲೂ ಸ್ಪಾಯ್ಲರ್ ತೊಟ್ಟು ಬಹಳ ಉಗ್ರವಾಗಿ ಕಾಣುತ್ತಿದ್ದರೂ ಬಾನೆಟ್ಟಿನ ಕೆಳಗೆ ಇದ್ದದ್ದು ಸಾಮಾನ್ಯ ಸಾಲಿನ, 218 ಅಶ್ವಶಕ್ತಿಯ ಎಂಜಿನ್. ಅಸಲಿ ಎಂ5 ಹೊರನೋಟಕ್ಕೆ ಅದಕ್ಕಿಂತ ಸಪ್ಪೆ. ಇವೆರಡರಲ್ಲಿ ಯಾವುದು ಯಾವುದೆಂದು ಗೊತ್ತಿಲ್ಲದವರು ಆರ್ಭಟಿಸುವ ಕಾರಿಗೇ ಹೆಚ್ಚು ಹಣ ಕೊಟ್ಟು ಬರುತ್ತಾರೆ.

500 ಇ: ನಮ್ಮೂರಿನಲ್ಲಿ ಹೆಚ್ಚು ಎಚ್ಚರ ಬೇಕಾದ ಕಾರು

ಈ ಕಾರಿನ ಬಗ್ಗೆ ತುಸು ನಿಧಾನವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಭಾರತದಲ್ಲಿ ಅದರ ಸೋದರರು ಹೇರಳವಾಗಿದ್ದಾರೆ. ಮರ್ಸಿಡಿಸ್ ಕಂಪನಿ 1994ರಲ್ಲಿ ಭಾರತಕ್ಕೆ ಬಂದು, ಮರುವರ್ಷ ಪುಣೆಯಲ್ಲಿ ಡಬ್ಲ್ಯು124 ಎಂಬ ಒಳಹೆಸರಿನ ಇ ಕ್ಲಾಸ್ ಜೋಡಿಸತೊಡಗಿತು. ಇ 220 ಪೆಟ್ರೋಲ್ ಮತ್ತು ಇ 250 ಡೀಸೆಲ್ ಎಂಬ ಆ ಕಾರುಗಳು ಇಂದಿಗೂ ಸದಾಶಿವನಗರ, ಜಯನಗರಗಳ ಪೋರ್ಟಿಕೋಗಳಲ್ಲಿ ನಿಂತಿವೆ. ಇದೇ ಮೈಯ 5 ಲೀಟರ್ ವಿ8 ರೂಪವೇ 500 ಇ.

1980ರ ದಶಕದ ಕೊನೆಯಲ್ಲಿ ಮರ್ಸಿಡಿಸ್‌ನ ಎಂಜಿನಿಯರುಗಳು ಮುಂದಿನ ಎಸ್ ಕ್ಲಾಸ್ ಕೆಲಸದಲ್ಲಿ ಮುಳುಗಿದ್ದರು. ಅದೇ ಸ್ಟಟ್‌ಗಾರ್ಟ್ ಊರಿನ ಪೋರ್ಷೆಗೆ ಕೆಲಸವಿಲ್ಲದೆ ಕಷ್ಟವಾಗಿತ್ತು. ಹಾಗಾಗಿ 500 ಇ ಕಾರನ್ನು ರೂಪಿಸುವ ಮತ್ತು ಜೋಡಿಸುವ ಗುತ್ತಿಗೆ ಪೋರ್ಷೆಗೆ ಸಿಕ್ಕಿತು. 500 ಎಸ್‌ಎಲ್ ಕ್ರೀಡಾ ಕಾರಿನ 5 ಲೀಟರ್ ವಿ8 ಎಂಜಿನ್, 326 ಅಶ್ವಶಕ್ತಿ. ಅದನ್ನು ಹೊರಲು ಎಡ ಬಲ ಚಕ್ರಗಳ ನಡುವಿನ ಅಂತರ ಹೆಚ್ಚಿತು, ಚಕ್ರದ ಕಮಾನುಗಳು ಉಬ್ಬಿದವು, ಮೈ ಸುಮಾರು 56 ಮಿಲಿಮೀಟರ್ ಅಗಲವಾಯಿತು. ಆ ಅಗಲಕ್ಕೆ ಸಿಂಡೆಲ್‌ಫಿಂಗೆನ್‌ನ ಮರ್ಸಿಡಿಸ್ ಸಾಲಿನಲ್ಲಿ ಜಾಗವಿಲ್ಲದೆ ಒಂದೊಂದು ಕಾರೂ ಮೈ ಜೋಡಣೆಗೆ ಪೋರ್ಷೆಗೆ, ಬಣ್ಣಕ್ಕೆ ಮರ್ಸಿಡಿಸ್‌ಗೆ, ಎಂಜಿನ್ ಕೂರಿಸಲು ಮತ್ತೆ ಪೋರ್ಷೆಗೆ ಎಂದು ಓಡಾಡಿ, ಮುಗಿಯಲು 18 ದಿನ ಹಿಡಿಯುತ್ತಿತ್ತು. ಬ್ಯಾಟರಿಗೆ ಮುಂದೆ ಜಾಗ ಸಾಲದೆ ಅದು ಡಿಕ್ಕಿಗೆ ಹೋಯಿತು. ಹಿಂದಿನ ಸೀಟು ಇಬ್ಬರಿಗೆ ಮಾತ್ರ. 1990ರ ಪ್ಯಾರಿಸ್ ಪ್ರದರ್ಶನದಲ್ಲಿ ತೆರೆಕಂಡ ಈ ಕಾರು 1993ರಲ್ಲಿ ಇ 500 ಎಂದು ಹೆಸರು ಬದಲಿಸಿಕೊಂಡು, 1995ರವರೆಗೆ 10,479 ಪ್ರತಿಗಳಲ್ಲಿ ಬಂತು.

ಈಗ ಈ ಇತಿಹಾಸವನ್ನೇ ಪರೀಕ್ಷೆಯಾಗಿ ಬಳಸಿ. ಮಾರುವವರು ಇ 500 ಎಂದು ತೋರಿಸುವ ಕಾರಿನ ಬ್ಯಾಟರಿ ಬಾನೆಟ್ಟಿನ ಕೆಳಗೆ ಇದ್ದರೆ, ಹಿಂದಿನ ಸೀಟಿನಲ್ಲಿ ಮೂವರು ಕೂರುವಂತಿದ್ದರೆ, ಮುಂದಿನ ಕಮಾನು ನೆಟ್ಟಗೆ ಇದ್ದರೆ ಅದು ಪುಣೆಯ ಇ 220ಕ್ಕೆ ಅಕ್ಷರ ಅಂಟಿಸಿದ್ದು. ಇವೆಲ್ಲವನ್ನೂ ಸರಿಪಡಿಸಿ ತಂದಿದ್ದರೂ ಒಂದು ಸಾಕ್ಷಿ ಉಳಿಯುತ್ತದೆ: ಕಾರ್ಖಾನೆ 500 ಇ ಕಾರನ್ನು ಎಡಗಡೆ ಸ್ಟೀರಿಂಗ್‌ನಲ್ಲಿ ಮಾತ್ರ ತಯಾರಿಸಿತು. ಬಲಗಡೆ ಸ್ಟೀರಿಂಗಿನ ಅಸಲಿ 500 ಇ ಇದೆ ಎಂದು ಕೋರಮಂಗಲದಲ್ಲಿ ಯಾರಾದರೂ ಹೇಳಿದರೆ, ಅವರಿಗೆ ಚಹಾ ಕುಡಿಸಿ ಬಂದುಬಿಡಬಹುದು.

ನಂಬರ್ ಮತ್ತು ಕಾಗದ

ಕಾರಿನ ಜನ್ಮವನ್ನು ಹೇಳುವುದು ಚಾಸಿ ನಂಬರ್. ಮರ್ಸಿಡಿಸ್‌ನಲ್ಲಿ ಅದರೊಳಗಿನ ಆರು ಅಂಕಿಗಳು ಮಾದರಿಯನ್ನು ಸ್ಪಷ್ಟವಾಗಿ ಸೂಚಿಸುತ್ತವೆ: 109018 ಇದ್ದರೆ 300 ಎಸ್‌ಇಎಲ್ 6.3, 116036 ಇದ್ದರೆ 450 ಎಸ್‌ಇಎಲ್ 6.9, 124036 ಇದ್ದರೆ 500 ಇ. ಬೆಂಗಳೂರಿನಲ್ಲಿ ಆಗಾಗ ಮಾರಾಟಕ್ಕೆ ಬರುವ ಹಳೆಯ ಎಸ್ ಕ್ಲಾಸ್‌ಗಳಲ್ಲಿ 560 ಎಸ್‌ಇಎಲ್ ಎಂದು ಹೇಳಿದರೆ 126039 ಹುಡುಕಿ. ಆರ್‌ಸಿಯಲ್ಲಿ ಬರೆದಿರುವ ನಂಬರನ್ನು ಓದಿ ಸುಮ್ಮನಾಗಬಾರದು. ಲೋಹದ ಮೇಲೆ ಕೊರೆದದ್ದನ್ನು ನೋಡಬೇಕು. ಡಬ್ಲ್ಯು124ನಲ್ಲಿ ಅದು ಎಂಜಿನ್ನಿನ ಹಿಂದಿನ ಗೋಡೆಯ ಮೇಲಿರುತ್ತದೆ. ಜಿಡ್ಡನ್ನು ಬಟ್ಟೆಯಿಂದ ಒರೆಸಿ, ಟಾರ್ಚನ್ನು ನೇರವಾಗಿ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಅಂಕಿಗಳ ಅಂಚು ಒಂದೇ ಆಳದಲ್ಲಿರಬೇಕು, ಸುತ್ತಲಿನ ಪೇಂಟ್ ಬೇರೆ ಬಣ್ಣಕ್ಕೆ ತಿರುಗಿರಬಾರದು, ತೇಪೆ ಹಾಕಿದ ವೆಲ್ಡಿಂಗಿನ ಗೆರೆ ಕಾಣಬಾರದು. ರೇಡಿಯೇಟರ್ ಮೇಲಿನ ಅಡ್ಡಪಟ್ಟಿಯ ಫಲಕದಲ್ಲಿ ಮೂಲ ಬಣ್ಣದ ಸಂಕೇತ ಇರುತ್ತದೆ. ಕಾರು ಈಗ ಕಪ್ಪಾಗಿದ್ದು ಫಲಕ ಬಿಳಿ ಎನ್ನುತ್ತಿದ್ದರೆ ಪೇಂಟಿಂಗ್ ಏಕೆ ಮಾಡಿಸಿದರೆಂದು ಕೇಳಬೇಕು.

ದೆಹಲಿ ಪ್ರದೇಶದಲ್ಲಿ 15 ವರ್ಷ ಮೀರಿದ ಪೆಟ್ರೋಲ್ ಮತ್ತು 10 ವರ್ಷ ಮೀರಿದ ಡೀಸೆಲ್ ಕಾರುಗಳ ಮೇಲೆ ನಿರ್ಬಂಧ ಬಂದ ಮೇಲೆ ಅಲ್ಲಿನ ಐಷಾರಾಮಿ ಕಾರುಗಳು ಅಗ್ಗದ ಬೆಲೆಗೆ ದಕ್ಷಿಣಕ್ಕೆ ಬರುತ್ತಿವೆ. ಅಂತಹ ಕಾರು ಕೊಳ್ಳುವಾಗ ಅಲ್ಲಿನ ಆರ್‌ಟಿಒ ಕೊಟ್ಟ ಎನ್‌ಒಸಿ, ಅಂದರೆ ಫಾರಂ 28, ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಕೂಡದು. ಬೇರೆ ರಾಜ್ಯದ ನಂಬರಿನಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇಲ್ಲಿ ಓಡಿಸುವಂತಿಲ್ಲ, ಮತ್ತು ಕರ್ನಾಟಕದ ಜೀವಿತಾವಧಿ ತೆರಿಗೆಯನ್ನು ಲೆಕ್ಕ ಹಾಕಿಯೇ ಕಾರಿನ ಬೆಲೆ ಮಾತಾಡಬೇಕು. ಅಗ್ಗವೆಂದು ತಂದ ಕಾರು ತೆರಿಗೆ ಕಟ್ಟಿದ ಮೇಲೆ ಅಗ್ಗವಾಗಿ ಉಳಿಯುವುದಿಲ್ಲ. 15 ವರ್ಷ ಮೀರಿದ ಸ್ಥಳೀಯ ಕಾರಾದರೆ ಆರ್‌ಸಿ ನವೀಕರಣವಾಗಿದೆಯೇ, ಹಸಿರು ತೆರಿಗೆ ಕಟ್ಟಿದ್ದಾರೆಯೇ ನೋಡಿ.

ವಿದೇಶದಿಂದಲೇ ತರಿಸುತ್ತೇನೆ ಎನ್ನುವವರಿಗೆ ಒಂದು ಮಾತು. ಬಳಸಿದ ಕಾರಿನ ಆಮದಿಗೆ ಸಾಮಾನ್ಯ ನಿಯಮದ ಪ್ರಕಾರ ಅದು ತಯಾರಾಗಿ ಮೂರು ವರ್ಷ ಮೀರಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು. ಆದ್ದರಿಂದ 1990ರ ದಶಕದ ಕಾರುಗಳಿಗೆ ಆ ದಾರಿ ಇಲ್ಲ. ದೇಶದೊಳಗೇ ಇರುವ 50 ವರ್ಷ ಮೀರಿದ ಕಾರಿಗೆ 2021ರ ಕೇಂದ್ರ ನಿಯಮದಡಿ ವಿಂಟೇಜ್ ನೋಂದಣಿ ಪಡೆಯಬಹುದು: ನಂಬರಿನಲ್ಲಿ ವಿಎ ಎಂಬ ಅಕ್ಷರಗಳು ಬರುತ್ತವೆ, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ವಿಎ ನಂಬರಿನ ಕಾರನ್ನು ದಿನನಿತ್ಯ ಆಫೀಸಿಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ತುಂಬಿಸುವುದು ಮುಂತಾದ ಕಾರಣಗಳಿಗಷ್ಟೇ ಅದು ರಸ್ತೆಗೆ ಇಳಿಯಬೇಕು. 6.3ಕ್ಕೆ ಇದು ಒಪ್ಪುತ್ತದೆ. ಕೊಂಡವರಿಗೆ ಒಪ್ಪುತ್ತದೆಯೇ ಎಂಬುದನ್ನು ಮೊದಲೇ ಯೋಚಿಸಬೇಕು.

ಗ್ಯಾರೇಜಿನಲ್ಲಿ ನೋಡಬೇಕಾದದ್ದು

ಮಾರುವವರ ಮನೆ ಮುಂದೆ ನಿಂತು ಕಾರು ನೋಡುವುದು ಅರ್ಧ ಕೆಲಸ. ಉಳಿದರ್ಧಕ್ಕೆ ಲಿಫ್ಟ್ ಇರುವ ಗ್ಯಾರೇಜು ಮತ್ತು ಆ ಮಾದರಿಯನ್ನು ಬಿಚ್ಚಿ ಜೋಡಿಸಿ ಗೊತ್ತಿರುವ ಮೆಕ್ಯಾನಿಕ್ ಬೇಕು. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಇಷ್ಟು ಹಳೆಯ ಕಾರುಗಳ ಅನುಭವವಿರುವವರು ಕಡಿಮೆ. ವಿಲ್ಸನ್ ಗಾರ್ಡನ್, ಲಾಲ್‌ಬಾಗ್ ರಸ್ತೆಯ ಕಡೆಯ ಹಳೆಯ ಗ್ಯಾರೇಜುಗಳಲ್ಲಿ ವಿಚಾರಿಸಿದರೆ ಇಂಥವರು ಸಿಗುತ್ತಾರೆ. ಅವರಿಗೆ ನೋಡಿದ್ದಕ್ಕೆ ದುಡ್ಡು ಕೊಡಿ. ಪುಕ್ಕಟೆಯಾಗಿ ನೋಡಿದವರು ಪುಕ್ಕಟೆ ಮಾತನ್ನೇ ಹೇಳುತ್ತಾರೆ.

1992ರಿಂದ 1995ರವರೆಗಿನ ಡಬ್ಲ್ಯು124 ಕಾರುಗಳಲ್ಲಿ ಮೊದಲು ನೋಡಬೇಕಾದದ್ದು ಎಂಜಿನ್ ವೈರಿಂಗ್. ಆ ವರ್ಷಗಳಲ್ಲಿ ಬಳಸಿದ ತಂತಿಯ ಹೊದಿಕೆ ಪರಿಸರಸ್ನೇಹಿಯೆಂದು ಆರಿಸಿದ್ದು. ಎಂಜಿನ್ನಿನ ಬಿಸಿಗೆ ಕೆಲವು ವರ್ಷಗಳಲ್ಲೇ ಒಣಗಿ ಬಿರಿಯುತ್ತದೆ. ಅನುಭವಿ ಮೆಕ್ಯಾನಿಕ್ ಕಪ್ಪು ಪ್ಲಾಸ್ಟಿಕ್ ಕವಚವನ್ನು ಬಿಚ್ಚಿ, ಇಂಜೆಕ್ಟರಿಗೆ ಹೋಗುವ ಒಂದು ಎಳೆಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಮೆಲ್ಲಗೆ ಬಾಗಿಸುತ್ತಾರೆ. ಒಳ್ಳೆಯ ತಂತಿ ಬಳುಕುತ್ತದೆ. ಕೆಟ್ಟದ್ದು ಹಳೆ ಹಪ್ಪಳದಂತೆ ಪಟಪಟನೆ ಉದುರಿ ಒಳಗಿನ ತಾಮ್ರ ಹೊರಗೆ ಕಾಣುತ್ತದೆ. "ಇದು ಬದಲಾಯಿಸಿಲ್ಲ ಸಾರ್, ನೋಡಿ ಪುಡಿ," ಎಂದು ಅವರು ಅಂಗೈ ತೋರಿಸಿದರೆ, ಆ ಕಾರಿನ ಬೆಲೆಯಿಂದ ಪೂರ್ತಿ ಹೊಸ ವೈರಿಂಗಿನ ಖರ್ಚನ್ನು ಕಳೆಯಬೇಕು. ಬದಲಾಯಿಸಿದ್ದೇವೆ ಎಂದು ಮಾರುವವರು ಹೇಳಿದರೆ ಬಿಲ್ಲು ಕೇಳಿ. ಎಲೆಕ್ಟ್ರಿಷಿಯನ್ ಒಬ್ಬ ಅಲ್ಲಲ್ಲಿ ಟೇಪು ಸುತ್ತಿದ್ದನ್ನೂ ಬದಲಾವಣೆ ಎನ್ನುವವರಿದ್ದಾರೆ.

6.3 ಕಾರನ್ನು ಹಿಂದಿನ ಸಂಜೆ ನಿಲ್ಲಿಸಿ, ಚಕ್ರದ ಕಮಾನಿನ ಅಂಚಿನಿಂದ ನೆಲಕ್ಕೆ ಟೇಪಿನಲ್ಲಿ ಅಳೆದು ಬರೆದಿಟ್ಟು, ಮಾರನೆಯ ಬೆಳಿಗ್ಗೆ ಮತ್ತೆ ಅಳೆಯಬೇಕು. ಒಂದು ಮೂಲೆ ಮಾತ್ರ ಕುಸಿದಿದ್ದರೆ ಆ ಮೂಲೆಯ ಗಾಳಿಚೀಲವೋ ವಾಲ್ವೋ ಸೋರುತ್ತಿದೆ; ನಾಲ್ಕೂ ಕುಸಿದಿದ್ದರೆ ಸೋರಿಕೆ ಎಲ್ಲಿದೆಯೆಂದು ಹುಡುಕುವುದೇ ದೊಡ್ಡ ಕೆಲಸ. ಗೇರ್ ಬದಲಾಗುವಾಗ ಕೊಂಚ ಎತ್ತಿಹಾಕಿದಂತಾದರೆ ಗಾಬರಿ ಬೇಡ. ಆ ಕಾಲದ ನಾಲ್ಕು ಗೇರಿನ ಆಟೋಮ್ಯಾಟಿಕ್‌ನಲ್ಲಿ ಇಂದಿನಂತಹ ಟಾರ್ಕ್ ಕನ್ವರ್ಟರ್ ಇರಲಿಲ್ಲ, ಸರಳವಾದ ದ್ರವದ ಜೋಡಣೆಯಿತ್ತು, ಹಾಗಾಗಿ ಅದು ಹುಟ್ಟುಗುಣ. ಇದನ್ನರಿಯದೆ ಚೆನ್ನಾಗಿರುವ ಗೇರ್‌ಬಾಕ್ಸನ್ನು ಬಿಚ್ಚಿಸಿ ಕೆಡಿಸಿದವರಿದ್ದಾರೆ. 6.9ರಲ್ಲಿ ಆಯಿಲ್ ಪೈಪುಗಳ ಜೋಡಣೆಗಳಲ್ಲಿ ತೇವ ಇದೆಯೇ ನೋಡಿ, ಹಂಪ್ ದಾಟಿಸಿ ನೋಡಿ. ಎತ್ತಿನ ಗಾಡಿಯ ಅನುಭವವಾದರೆ ನೈಟ್ರೋಜನ್ ಗೋಲಗಳು ಸತ್ತಿವೆ. 560 ಎಸ್‌ಇಎಲ್‌ನ ವಿ8 ಎಂಜಿನ್ನಿನಲ್ಲಿ ಟೈಮಿಂಗ್ ಚೈನಿನ ಪ್ಲಾಸ್ಟಿಕ್ ಗೈಡುಗಳು ವಯಸ್ಸಾಗಿ ಒಡೆಯುತ್ತವೆ, ಒಡೆದರೆ ಎಂಜಿನ್ನೇ ಹೋಗಬಹುದು. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ ಮೊದಲ ಕೆಲವು ಸೆಕೆಂಡುಗಳ ಸದ್ದನ್ನು ಗಮನವಿಟ್ಟು ಕೇಳಬೇಕು. ನೀವು ಬರುವ ಮುಂಚೆಯೇ ಎಂಜಿನ್ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆಂದು ಹೇಳಿ ಹೊರಡಿ.

ಬೆಂಗಳೂರಿನ ರಸ್ತೆಯಲ್ಲಿ ಪರೀಕ್ಷೆ

ಈ ಕಾರುಗಳು ವೇಗದ ಮಿತಿಯಿಲ್ಲದ ಜರ್ಮನ್ ಹೆದ್ದಾರಿಗಳಿಗೆ ಹುಟ್ಟಿದವು. ಅವುಗಳ ರೇಡಿಯೇಟರಿಗೆ ಗಾಳಿ ಸಿಗುವುದು ಓಟದಲ್ಲಿ. ನಮ್ಮಲ್ಲಿ ಓಟಕ್ಕಿಂತ ನಿಲುಗಡೆ ಹೆಚ್ಚು. ಆದ್ದರಿಂದ ಮೊದಲ ಪರೀಕ್ಷೆ ವೇಗದ್ದಲ್ಲ. ಸಂಜೆ ಆರರ ಹೊತ್ತಿಗೆ ಸಿಲ್ಕ್ ಬೋರ್ಡ್ ಅಥವಾ ಹೆಬ್ಬಾಳದ ದಟ್ಟಣೆಗೆ ಕಾರನ್ನು ತೆಗೆದುಕೊಂಡು ಹೋಗಿ, ಎಸಿ ಹಾಕಿ, ಅರ್ಧ ಗಂಟೆ ತೆವಳಿಸಿ, ಟೆಂಪರೇಚರ್ ಮುಳ್ಳನ್ನು ನೋಡುತ್ತಾ ಕೂರಿ. ಡಬ್ಲ್ಯು124ನಲ್ಲಿ ಅದು 80ರಿಂದ 100ರೊಳಗೆ ಅಲುಗಾಡುವುದು ಸಹಜ; ಏರಿ, ಫ್ಯಾನ್ ಓಡಿದ ಮೇಲೂ ಇಳಿಯದೆ ಮೇಲಕ್ಕೇ ಸಾಗಿದರೆ ಫ್ಯಾನ್ ಕ್ಲಚ್, ರೇಡಿಯೇಟರ್ ಅಥವಾ ಹೆಡ್ ಗ್ಯಾಸ್ಕೆಟ್, ಮೂರರಲ್ಲಿ ಯಾವುದೋ ಒಂದು ಹೋಗಿದೆ. ಮಾರುವವರು ಎಸಿ ಬೇಡ, ಹವೆ ಚೆನ್ನಾಗಿದೆ ಎಂದರೆ ಅವರಿಗೂ ಈ ವಿಷಯ ಗೊತ್ತಿದೆಯೆಂದು ಅರ್ಥ.

ಎಳೆತದ ಪರೀಕ್ಷೆಗೆ ಬೆಳಗಿನ ಜಾವದ ನೈಸ್ ರಸ್ತೆ ಸೂಕ್ತ. ವೇಗದ ಮಿತಿಯೊಳಗೇ ಸಾಕಷ್ಟು ತಿಳಿಯುತ್ತದೆ. 40ರಲ್ಲಿ ಹೋಗುತ್ತಿರುವಾಗ ಆಕ್ಸಿಲರೇಟರನ್ನು ತಳದವರೆಗೆ ಒತ್ತಿ, ಗೇರ್ ತಕ್ಷಣ ಕೆಳಗಿಳಿಯುತ್ತದೆಯೇ, ಎಳೆತ ಒಂದೇ ಸಮ ಇದೆಯೇ ನೋಡಿ. ಪುಸ್ತಕದಲ್ಲಿ ಓದಿದ ಸೆಕೆಂಡುಗಳು ಇಲ್ಲಿ ಬರಲಿಲ್ಲವೆಂದು ಕಾರನ್ನು ದೂರಬೇಡಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದ್ದು, ಇಲ್ಲಿನ ಗಾಳಿ ಕರಾವಳಿಯದಕ್ಕಿಂತ ತೆಳು. ಟರ್ಬೊ ಇಲ್ಲದ ಎಂಜಿನ್ನಿಗೆ ಸರಿಸುಮಾರು ಹನ್ನೆರಡನೆಯ ಒಂದು ಪಾಲು ಶಕ್ತಿ ಅಲ್ಲೇ ಕಡಿಮೆಯಾಗುತ್ತದೆ. ಅದೇ ಕಾರನ್ನು ಮಂಗಳೂರಿಗೆ ಇಳಿಸಿದರೆ ಚುರುಕಾದಂತೆ ಅನ್ನಿಸುವುದು ಭ್ರಮೆಯಲ್ಲ.

ಬ್ರೇಕ್ ಹಾಕಿದಾಗ ಸ್ಟೀರಿಂಗ್ ನಡುಗಿದರೆ ಡಿಸ್ಕ್ ಬಾಗಿದೆ. ಹಂಪ್ ದಾಟುವಾಗ ಟಕ್ ಟಕ್ ಎಂದರೆ ಬುಷ್‌ಗಳು ಸವೆದಿವೆ. ಇವು ಸಣ್ಣ ಖರ್ಚು, ಚೌಕಾಸಿಗೆ ಒಳ್ಳೆಯ ಆಧಾರ.

ಕೊಂಡ ಮೇಲೆ

ಪೆಟ್ರೋಲ್ ವಿಚಾರದಲ್ಲಿ ಹಳೆಯ ಸಲಹೆಗಳು ಈಗ ಸಾಲವು. ಈಗ ಪಂಪುಗಳಲ್ಲಿ ಸಿಗುವ ಸಾಮಾನ್ಯ ಪೆಟ್ರೋಲಿನಲ್ಲಿ 20 ಪ್ರತಿಶತದವರೆಗೆ ಎಥನಾಲ್ ಇರುತ್ತದೆ. 1970, 80ರ ದಶಕದ ರಬ್ಬರ್ ಪೈಪುಗಳನ್ನು ಇದಕ್ಕೆಂದು ಮಾಡಿದ್ದಲ್ಲ. ಅವು ಉಬ್ಬಿ ಮೆತ್ತಗಾಗುತ್ತವೆ, ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕುತ್ತದೆ. ಹಾಗಾಗಿ ಕಾರು ಮನೆಗೆ ಬಂದ ಮೇಲಿನ ಮೊದಲ ಕೆಲಸ ಪಾಲಿಶ್ ಅಲ್ಲ, ಟ್ಯಾಂಕಿನಿಂದ ಎಂಜಿನ್ನಿನವರೆಗಿನ ಎಲ್ಲಾ ಪೆಟ್ರೋಲ್ ಪೈಪುಗಳನ್ನು ಎಥನಾಲ್ ತಾಳುವಂಥವುಗಳಿಗೆ ಬದಲಾಯಿಸುವುದು. ಅದರ ಜೊತೆಗೇ ಕೂಲಂಟ್, ಬ್ರೇಕ್ ಆಯಿಲ್, ಗೇರ್ ಆಯಿಲ್, ಬೆಲ್ಟುಗಳು. ಹೆಚ್ಚು ಕಂಪ್ರೆಷನ್ ಇರುವ ಎಂಜಿನ್‌ಗಳಿಗೆ ಹೆಚ್ಚು ಆಕ್ಟೇನ್ ಇರುವ ಪೆಟ್ರೋಲನ್ನೇ ಹಾಕಬೇಕು. ಕಾರು ತಿಂಗಳಾನುಗಟ್ಟಲೆ ನಿಲ್ಲುವುದಾದರೆ ಅದೇ ಎಥನಾಲ್ ತೇವ ಹೀರಿಕೊಳ್ಳುವುದರಿಂದ ಹಳೆಯ ಪೆಟ್ರೋಲನ್ನು ಟ್ಯಾಂಕಿನಲ್ಲಿ ಬಿಡಬಾರದು.

ಬಿಡಿಭಾಗಗಳಿಗೆ ಜೆ.ಸಿ. ರಸ್ತೆ ಮತ್ತು ಶಿವಾಜಿನಗರದ ಗುಜರಿ ಎರಡೂ ಬೇಕು, ಆದರೆ ಎರಡಕ್ಕೂ ಬೇರೆ ಬೇರೆ ಕೆಲಸಕ್ಕೆ ಹೋಗಬೇಕು. ಡಬ್ಲ್ಯು124ನ ಬಾಗಿಲ ಹಿಡಿ, ಗಾಜು, ಲೈಟು, ಸೀಟಿನ ಬಿಡಿಭಾಗಗಳು ಗುಜರಿಯಲ್ಲಿ ಅಸಲಿಯಾಗಿಯೇ ಸಿಗುತ್ತವೆ, ಕಳಚಿದ ಕಾರುಗಳವು. ಅವು ಹಳೆಯದಾದರೂ ಅಂಗಡಿಯ ಹೊಸ ನಕಲಿಗಿಂತ ಮೇಲು. ಬ್ರೇಕ್ ಪ್ಯಾಡ್, ಬೇರಿಂಗ್, ವಾಟರ್ ಪಂಪ್, ರಬ್ಬರಿನ ಯಾವ ವಸ್ತುವನ್ನೂ ಗುಜರಿಯಿಂದ ತರಬಾರದು. 6.3, 6.9, ಮಾರ್ಕ್ 2ಗಳ ಎಂಜಿನ್ ಭಾಗಗಳಿಗೆ ಜರ್ಮನಿ, ಇಂಗ್ಲೆಂಡುಗಳಿಂದಲೇ ತರಿಸಬೇಕಾಗುತ್ತದೆ. ಕಸ್ಟಮ್ಸ್ ಸುಂಕವನ್ನು ಸೇರಿಸಿಯೇ ಬಜೆಟ್ ಹಾಕಿ.

ಇನ್ಶೂರೆನ್ಸ್ ಮಾಡಿಸುವಾಗ ಐದು ವರ್ಷ ಮೀರಿದ ಕಾರಿನ ಮೌಲ್ಯವನ್ನು ಕಂಪನಿ ಮತ್ತು ಮಾಲೀಕರು ಮಾತಾಡಿ ನಿಗದಿ ಮಾಡಿಕೊಳ್ಳಬೇಕಾಗುತ್ತದೆ. ಏಜೆಂಟ್ ಬರೆದುಕೊಟ್ಟ ಚಿಲ್ಲರೆ ಮೊತ್ತಕ್ಕೆ ಸಹಿ ಹಾಕದೆ, ಚಾಸಿ ನಂಬರಿನ ಫೋಟೊ, ಮೆಕ್ಯಾನಿಕ್ ಕೊಟ್ಟ ವರದಿ, ಬಿಲ್ಲುಗಳನ್ನು ಮುಂದಿಟ್ಟು ಹೆಚ್ಚಿನ ಮೌಲ್ಯ ಕೇಳಿ. ಇದೇ ಕಡತ ಮುಂದೆ ಕಾರು ಮಾರುವಾಗಲೂ ಬೇಕಾಗುತ್ತದೆ. ಬಿಚ್ಚಿದ ಪ್ರತಿಯೊಂದು ಹಳೆಯ ಭಾಗವನ್ನೂ ಒಂದು ಪೆಟ್ಟಿಗೆಯಲ್ಲಿ ದಿನಾಂಕ ಬರೆದು ಇಟ್ಟುಕೊಂಡಿದ್ದರೆ, ಮುಂದಿನ ಕೊಳ್ಳುಗರು ಟಾರ್ಚು ಹಿಡಿದು ಬಂದಾಗ ಅವರ ಪ್ರಶ್ನೆಗಳಿಗೆ ಉತ್ತರ ಕೈಯಲ್ಲೇ ಇರುತ್ತದೆ.